ಕೊನೆಯವರಿಗೂ ಬರುವ ತನಕ

ಏಳನೇ ತರಗತಿಯ ಕಪ್ಪುಹಲಗೆಯ ಎಡ ಮೂಲೆಯಲ್ಲಿ ಸತ್ತವರ ಕೈಬರಹವಿತ್ತು. ಹೊಸ ಟೀಚರ್ ಬಂದ ಮೊದಲ ದಿನವೇ ಅದನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿದ್ದಳು. ಹಲಗೆ ಒದ್ದೆಯಾಗಿರುವಷ್ಟು ಹೊತ್ತು ಎಲ್ಲ ಸರಿಯಾಗಿತ್ತು. ಎರಡನೇ ಪೀರಿಯಡ್ಡಿಗೆ ಒಣಗಿತು ನೋಡಿ, ಅಕ್ಷರಗಳು ಒಂದೊಂದಾಗಿ ಮೇಲೆದ್ದು ಬಂದವು: “ಭಿನ್ನರಾಶಿಯನ್ನು ಭಿನ್ನರಾಶಿಯಿಂದ ಭಾಗಿಸಲು ನನಗೆ ಬರುತ್ತದೆ.”

ಹಳೇ ಹಲಗೆ, ಒತ್ತಿ ಬರೆಯುವ ಕೈ, ಬಣ್ಣ ಸವೆದು ಗೀರು ಕೂತುಬಿಟ್ಟಿದೆ ಅಂತ ಅಟೆಂಡರ್ ಹೇಳಿದ. ಇರಬಹುದು. ಆದರೆ ಮೂಲೆಗೆ ಬೆನ್ನು ಹಾಕಿ ಪಾಠ ಮಾಡುವಾಗ ಕತ್ತಿನ ಹಿಂದೆ ಯಾರೋ ನಿಂತು ಓದಿಕೊಳ್ಳುತ್ತಿರುವ ಹಾಗೆ ಅನ್ನಿಸಿದರೆ ಅಟೆಂಡರನ ಮಾತು ಯಾವ ಮೂಲೆಗೆ ಸಾಕು?

ಪ್ರತಿ ದಿನವೂ ಕಲಿಕೆಯ ಗುರಿಯನ್ನು ಹಲಗೆಯ ಮೇಲೆ ಬರೆಯಬೇಕು ಎಂಬುದು ಮೇಲಿನವರ ಕಟ್ಟಪ್ಪಣೆ. ಮೇಷ್ಟರುಗಳು ಅದನ್ನು ಕಾಟಾಚಾರಕ್ಕೆ ಗೀಚುತ್ತಾರೆ, ಸಂಜೆ ಒರೆಸುತ್ತಾರೆ. ಮಕ್ಕಳಿಗೆ ಬಂತೋ ಬಿಟ್ಟಿತೋ, ಯಾರಪ್ಪನ ಗಂಟು ಹೋಯಿತು! ಹಿಂದೆ ಗಣಿತ ಕಲಿಸುತ್ತಿದ್ದ ಉದ್ದನೆ ಸಾರ್ ಮಾತ್ರ ಹಾಗಲ್ಲ. ಅವರ ಗುರಿ ತರಗತಿಯ ಕೊನೆಯ ಮಗುವಿಗೂ ಬರುವ ತನಕ ಆ ಮೂಲೆಯಲ್ಲೇ ಇರಬೇಕು. ಅಷ್ಟೂ ದಿನ ಅವರು ಪಾಠದ ಹೊತ್ತಿನಲ್ಲಿ ಕೂರುತ್ತಿರಲಿಲ್ಲ. ಕಾಲಿನ ನರಗಳು ಹಗ್ಗದ ಹಾಗೆ ಗಂಟುಗಟ್ಟಿದ್ದರೂ ಕಿಟಕಿ ಪಕ್ಕದ ಗೋಡೆಗೆ ಭುಜ ಆನಿಸಿ ನಿಂತೇ ಇರುತ್ತಿದ್ದರು. ಕೊನೆಗೆ ಕಲಿತ ಮಗು ಎದ್ದು ಬಂದು ಲೆಕ್ಕ ಮಾಡಿ ತೋರಿಸಿ, ಗುರಿಯನ್ನು ತಾನೇ ಒರೆಸಿ, ಕುರ್ಚಿ ಎಳೆದು “ಕೂತ್ಕೊಳ್ಳಿ ಸಾರ್” ಅನ್ನಬೇಕು. ಆಮೇಲೆ ಅವರು ಕೂರುತ್ತಿದ್ದರು, ಇಡೀ ತರಗತಿ ಚಪ್ಪಾಳೆ ಹೊಡೆಯುತ್ತಿತ್ತು. ಕೊನೆಯವರಾಗುವುದೇ ಒಂದು ಮರ್ಯಾದೆಯಾಗಿತ್ತು ಆ ಕೋಣೆಯಲ್ಲಿ.

ಒಂದು ಭಾನುವಾರ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಗುರಿ ಉಳಿಯಿತು. ಗೋಡೆಯ ಮೇಲೆ ಅವರ ಭುಜ ಉಜ್ಜಿ ನುಣುಪಾದ ಕಲೆಯೂ ಉಳಿಯಿತು, ಹೊಸ ಟೀಚರಿನ ತಲೆಗಿಂತ ಮೇಲೆ.

ಕುರ್ಚಿಯೂ ಇತ್ತು. ಅದರಲ್ಲಿ ಅವಳು ಒಂದೇ ಒಂದು ಸಲ ಕೂರಲು ಹೋದಳು. ಮಕ್ಕಳೆಲ್ಲ ಒಟ್ಟಿಗೆ ಉಸಿರು ಒಳಗೆಳೆದುಕೊಂಡರು. ಕೂತವರ ಮಡಿಲಲ್ಲಿ ಕೂರಲು ಹೋದಂತೆ ಅವಳಿಗೆ ನಾಚಿಕೆಯೂ ಭಯವೂ ಆಗಿ ಎದ್ದುಬಿಟ್ಟಳು. ಅಂದಿನಿಂದ ಅವಳೂ ನಿಂತೇ ಪಾಠ ಮಾಡುತ್ತಿದ್ದಳು. ಮಕ್ಕಳು ಉತ್ತರ ಹೇಳುವಾಗ ಮೊದಲು ಕಿಟಕಿಯತ್ತ ನೋಡುತ್ತಿದ್ದರು, ಆಮೇಲೆ ಅವಳ ಕಡೆ.

ಭಾಗಾಕಾರ ಬಾರದೆ ಉಳಿದಿದ್ದವಳು ಒಬ್ಬಳೇ. ಹುಡುಗಿ ಸಣಕಲಿ, ಎಲ್ಲರ ಬಾಯಲ್ಲಿ ‘ಕಡ್ಡಿ.’ ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು ಅಂದರೆ ಅವಳು ಮೊದಲನೆಯದನ್ನು ತಲೆಕೆಳಗು ಮಾಡುತ್ತಿದ್ದಳು. ಯಾವಾಗಲೂ. ಟೀಚರ್ ರೊಟ್ಟಿ ಹರಿದು ತೋರಿಸಿದಳು, ಕಾಗದ ಮಡಚಿ ತೋರಿಸಿದಳು, ಗದರಿದಳು, ಮುದ್ದು ಮಾಡಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಕಡ್ಡಿ ತಲೆಯಾಡಿಸಿ ಮತ್ತೆ ಮೊದಲನೆಯದನ್ನೇ ತಿರುಗಿಸುತ್ತಿದ್ದಳು.

“ಶುಕ್ರವಾರ ನಾನೇ ಬಂದು ಪರೀಕ್ಷೆ ಮಾಡ್ತೀನಿ,” ಅಂದರು ಹೆಡ್ ಮೇಡಂ. “ಆಗ್ಲೂ ಬರದಿದ್ರೆ ಆ ಹುಡುಗೀನ ಆರನೇ ಕ್ಲಾಸಿಗೆ ಕಳಿಸೋಣ. ಒಬ್ಬಳಿಗೋಸ್ಕರ ಇಡೀ ಕ್ಲಾಸ್ ಎಷ್ಟು ದಿನ ಕಾಯತ್ತೆ?”

ಗುರುವಾರ ಶಾಲೆ ಬಿಟ್ಟ ಮೇಲೆ ಟೀಚರ್ ಕಡ್ಡಿಯನ್ನು ಉಳಿಸಿಕೊಂಡಳು. ಸಂಜೆಯ ಬಿಸಿಲು ಕಿಟಕಿಯ ಸರಳುಗಳನ್ನು ನೆಲದ ಮೇಲೆ ಉದ್ದಕ್ಕೆ ಹಾಸಿತ್ತು. ಕೊಟ್ಟ ಲೆಕ್ಕವೆಲ್ಲ ತಪ್ಪು. ಕೊನೆಗೆ, ಪಾಪ, ಒಂದಾದರೂ ಸರಿಯಾಗಲಿ ಅಂತ ಒಂದು ಸುಲಭದ್ದನ್ನು ಕೊಟ್ಟಳು: ಐದು ಬೈ ಏಳನ್ನು ಐದು ಬೈ ಏಳರಿಂದಲೇ ಭಾಗಿಸು. ಯಾವುದನ್ನು ತಲೆಕೆಳಗು ಮಾಡಿದರೂ ಉತ್ತರ ಒಂದೇ ಬರುತ್ತದೆ. ತಪ್ಪು ದಾರಿಯಲ್ಲಿ ಹೋದವರನ್ನೂ ಸರಿಯಾದ ಮನೆಗೆ ಮುಟ್ಟಿಸುವ ಲೆಕ್ಕ ಅದು.

ಕಡ್ಡಿ ಎಂದಿನಂತೆ ಮೊದಲನೆಯದನ್ನು ತಿರುಗಿಸಿದಳು. ಏಳು ಬೈ ಐದು, ಗುಣಿಸು ಐದು ಬೈ ಏಳು. ಮೂವತ್ತೈದು ಬೈ ಮೂವತ್ತೈದು ಎಂದು ಬರೆದಳು. ಸೀಮೆಸುಣ್ಣ ಅಲ್ಲೇ ನಿಂತಿತು. ಅಂಗೈಯಿಂದ ಸರಸರನೆ ಎಲ್ಲವನ್ನೂ ಅಳಿಸಿದಳು. ಯಾವುದನ್ನೂ ತಿರುಗಿಸದೆ ಹಾಗೇ ಗುಣಿಸಿ, ಇಪ್ಪತ್ತೈದು ಬೈ ನಲವತ್ತೊಂಬತ್ತು ಎಂದು ಬರೆದು ಕೈ ಕೆಳಗಿಳಿಸಿದಳು.

ಟೀಚರಿಗೆ ಹೊಳೆಯಿತು. ಗೊತ್ತಿಲ್ಲದವಳು ಮೂವತ್ತೈದಕ್ಕೇ ನಿಲ್ಲುತ್ತಿದ್ದಳು. ಅದು ಸರಿಯುತ್ತರವೆಂದು ಗೊತ್ತಿದ್ದವಳಿಗೆ ಮಾತ್ರ ಅದನ್ನು ಕಂಡರೆ ಹೆದರಿಕೆ.

“ನಿಂಗೆ ಬರತ್ತೆ,” ಅಂದಳು ಟೀಚರ್. “ಎಷ್ಟು ದಿನದಿಂದ?”

ಹುಡುಗಿ ಕಿಟಕಿಯತ್ತ ನೋಡಿದಳು.

“ನನ್ನ ನೋಡಿ ಹೇಳು. ನಾಳೆ ಕೆಳಗಿನ ಕ್ಲಾಸಿಗೆ ಹಾಕ್ತಾರೆ ಅಂತ ಗೊತ್ತಲ್ವಾ?”

“ಗೊತ್ತು ಮಿಸ್. ನಾನು ಹೋದ್ರೂ ಸಾರ್ ಇಲ್ಲೇ ಇರ್ತಾರಲ್ಲ.”

“ಏನು?”

“ಶನಿವಾರ ನಾನು ತುಂಬಾ ಅತ್ತೆ ಮಿಸ್, ನಂಗೊಬ್ಳಿಗೇ ಬರ್ಲಿಲ್ಲ ಅಂತ. ಆಗ ಸಾರ್ ಹೇಳಿದ್ರು, ‘ಅಳ್ಬೇಡ ಮಗಾ, ನಿಂಗೆ ಬರೋ ತನಕ ನಾನು ಎಲ್ಲಿಗೂ ಹೋಗಲ್ಲ’ ಅಂತ. ಮನೇಲಿ ಅಕ್ಕ ಹೇಳಿಕೊಟ್ಲು. ಭಾನುವಾರ ಬೆಳಿಗ್ಗೇನೇ ಬಂತು ನಂಗೆ.” ಕಡ್ಡಿ ಸೀಮೆಸುಣ್ಣವನ್ನು ಅಂಗೈಯಲ್ಲಿ ಹೊರಳಿಸಿದಳು. “ಮಧ್ಯಾಹ್ನ ಸಾರ್ ಹೋಗ್ಬಿಟ್ರು. ಅದಕ್ಕೇ... ಬರಲ್ಲ ಅನ್ನೋ ಹಾಗೆ ನಾಟಕ ಮಾಡಿದೆ. ಮಾರನೇ ದಿನ ನೋಡಿದ್ರೆ ಅವರ ಅಕ್ಷರ ಇಲ್ಲೇ ಇತ್ತು. ಒರೆಸಿದ್ರೂ ಬಂತು.”

ಹನ್ನೆರಡು ವರ್ಷದ ಮಗು, ತಾನು ಕಲಿತದ್ದಕ್ಕೇ ಒಬ್ಬರ ಜೀವ ಹೋಯಿತೆಂದು ನಂಬಿಕೊಂಡು, ಕಲಿತದ್ದನ್ನು ವಾಂತಿ ತಡೆದಂತೆ ತಡೆದುಕೊಂಡು ಕೂತಿತ್ತು. ಸತ್ತವರು ಹಾಗೆಲ್ಲ ಇರುವುದಿಲ್ಲ ಅನ್ನೋಣವೆಂದರೆ, ಟೀಚರೇ ಎಷ್ಟು ದಿನದಿಂದ ಆ ಕುರ್ಚಿಯಲ್ಲಿ ಕೂತಿಲ್ಲ! ಬಾಯಿಗೆ ಬಂದದ್ದು ಬೇರೆ ಮಾತು.

“ಎಲ್ಲರಿಗೂ ಬರೋ ತನಕ ಅವರು ಕೂರ್ತಿರ್ಲಿಲ್ಲ, ಅಲ್ವಾ?”

“ಇಲ್ಲ ಮಿಸ್.”

“ಹಾಗಾದ್ರೆ ಅವತ್ತಿಂದ ನಿಂತೇ ಇದ್ದಾರೆ. ಆ ಕಾಲಲ್ಲಿ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಡ್ಡಿ ಗೋಡೆಯ ಕಲೆಯನ್ನು ತುಂಬ ಹೊತ್ತು ನೋಡಿದಳು. ಅವಳ ಮುಖದಲ್ಲಿ ಈವರೆಗೆ ಇಲ್ಲದ ಒಂದು ಸಂಕಟ ಮೂಡಿತು. ಚೀಲ ಎತ್ತಿಕೊಂಡು ಹೊರಟುಹೋದಳು.

ಶುಕ್ರವಾರ ಹೆಡ್ ಮೇಡಂ ಬಂದು ಬಾಗಿಲ ಬಳಿ ನಿಂತು ಲೆಕ್ಕ ಕೊಟ್ಟರು. ಕಡ್ಡಿ ಎದ್ದು ಬಂದಳು. ಸೀಮೆಸುಣ್ಣ ಹಿಡಿದು ಕಿಟಕಿಯತ್ತ ಒಮ್ಮೆ ನೋಡಿದಳು. ಆಮೇಲೆ ಎರಡನೆಯದನ್ನು ತಲೆಕೆಳಗು ಮಾಡಿ, ಗುಣಿಸಿ, ಉತ್ತರದ ಕೆಳಗೆ ಗೆರೆ ಎಳೆದಳು.

“ಸರಿಯಾಗೇ ಇದೆಯಲ್ಲ!” ಅಂದು ಹೆಡ್ ಮೇಡಂ ಹೊರಟರು. ಅವರ ಕೆಲಸ ಮುಗಿದಿತ್ತು.

ಕಡ್ಡಿಯದು ಮುಗಿದಿರಲಿಲ್ಲ. ಅವಳು ಒದ್ದೆ ಬಟ್ಟೆ ತೆಗೆದುಕೊಂಡು ಮೂಲೆಯ ಅಕ್ಷರಗಳನ್ನು ನಿಧಾನವಾಗಿ, ಒಂದೊಂದನ್ನೇ ಒರೆಸಿದಳು. ಮೇಜಿನ ಕೆಳಗಿದ್ದ ಕುರ್ಚಿಯನ್ನು ಎರಡೂ ಕೈಯಿಂದ ಎಳೆದು ಕಿಟಕಿಯ ಕಡೆಗೆ ತಿರುಗಿಸಿದಳು.

“ಕೂತ್ಕೊಳ್ಳಿ ಸಾರ್.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕುರ್ಚಿಯ ಬೆತ್ತ ಕಿರ್ರೆಂದಿತು. ಎಳೆದಾಡಿದ ಹಳೇ ಕುರ್ಚಿ, ಸದ್ದು ಮಾಡದೆ ಇನ್ನೇನು ಮಾಡೀತು? ಆದರೂ ಇಡೀ ತರಗತಿ ಕೇಳಿಸಿಕೊಂಡಿತು, ಟೀಚರೂ ಕೇಳಿಸಿಕೊಂಡಳು.

ಎರಡನೇ ಪೀರಿಯಡ್ಡಿಗೆ ಹಲಗೆ ಒಣಗಿತು. ಎಲ್ಲರೂ ಮೂಲೆಯನ್ನೇ ನೋಡುತ್ತಿದ್ದರು. ಬೆಲ್ಲಾಗುವ ತನಕ ನೋಡಿದರೂ ಅಲ್ಲಿ ಏನೂ ಮೂಡಲಿಲ್ಲ. ಕಡ್ಡಿ ಮೇಜಿನ ಮೇಲೆ ತಲೆಯಿಟ್ಟು, ಆ ಶನಿವಾರ ಅತ್ತ ಹಾಗೆಯೇ ಬಿಕ್ಕಿ ಬಿಕ್ಕಿ ಅತ್ತಳು. ಅಳಬೇಡ ಎನ್ನಲು ಟೀಚರ್ ಹತ್ತಿರ ಹೋದಳು, ಅದರ ಬೆನ್ನಿಗೇ ಸಾರ್ ಹೇಳಿದ್ದ ‘ಎಲ್ಲಿಗೂ ಹೋಗಲ್ಲ’ ಎಂಬ ಮಾತು ನೆನಪಾಗಿ ಬರೀ ಅವಳ ಪಕ್ಕದಲ್ಲಿ ನಿಂತಳು. ಹೊಸ ಗುರಿ ಬರೆಯಲು ಆ ದಿನ ಅವಳಿಗೆ ಕೈ ಬರಲಿಲ್ಲ.