ಗಿರಣಿಯವ್ವನ ಪ್ರಾರ್ಥನೆ

ದಾಸನಕೊಪ್ಪದಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಹೇಶ್ವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಯಂತ್ರದ ಸದ್ದಿಗೆ ಕಿವಿ ಮಂದವಾಗಿತ್ತು, ಅದರ ಮೇಲೆ ಕೂಗಿ ಕೂಗಿ ಗಂಟಲು ಬಲಿತಿತ್ತು. ಅವಳು ಗುಟ್ಟು ಹೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ತಲೆಯಾಡಿಸುತ್ತಿದ್ದರು.

ಗಂಡ ತೀರಿಕೊಂಡ ವರ್ಷ ಅವಳು ಕ್ರೈಸ್ತಳಾದಳು. ದುಃಖದಲ್ಲಿದ್ದಾಳೆ, ನಾಲ್ಕು ದಿನದಲ್ಲಿ ಸರಿಹೋದಾಳು ಎಂದು ಊರು ಸುಮ್ಮನಿತ್ತು. ಸರಿಹೋಗಲಿಲ್ಲ. ಭಾನುವಾರ ಬಂತೆಂದರೆ ಗಿರಣಿಗೆ ಬೀಗ ಹಾಕಿ ಚರ್ಚಿಗೆಂದು ಶಿರಸಿಯ ಬಸ್ಸು ಹತ್ತುತ್ತಿದ್ದಳು. ಕಡೆಗೆ ಊರ ಹಿರಿಯ ಪರಮೇಶ್ವರಪ್ಪ ಕಟ್ಟೆಯ ಮೇಲೆ ಜನ ಸೇರಿಸಿ, ಅವಳು ಹಳೆಯ ದಾರಿಗೆ ಬರುವ ತನಕ ಯಾರೂ ಅವಳ ಗಿರಣಿ ಮೆಟ್ಟಿಲು ಹತ್ತಕೂಡದು, ಮಾತೂ ಆಡಕೂಡದು ಎಂದು ತೀರ್ಮಾನಿಸಿದ.

ಗಿರಣಿ ನಿಂತಿತು. ಒಂದು ಸಂಜೆ ಅವಳ ಮನೆಯ ಮಾಡಿನ ಮೇಲೆ ಕಲ್ಲು ಬಿದ್ದು, ಒಡೆದ ಹಂಚು ಸೀದಾ ಸಾರಿನ ಪಾತ್ರೆಗೆ ಬಂತು. ಎಸೆದು ಓಡಿದವನು ಪಕ್ಕದ ಮನೆಯ ಸಂಜಯ. ಮಹೇಶ್ವರಿ ಅತ್ತಳು, ಅವನ ಏಳು ತಲೆಮಾರನ್ನು ಬೈದಳು. ಬೈದಾದ ಮೇಲೆ ನಾಚಿಕೆಯಾಯಿತು. ಹಿಂಸಿಸುವವರಿಗಾಗಿ ಪ್ರಾರ್ಥಿಸಿರಿ ಎಂದು ಯೇಸು ಹೇಳಿದ್ದು ನೆನಪಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಮೊಣಕಾಲೂರಿದಳು.

ಹೆಸರು, ವಿವರ ಸರಿಯಾಗಿ ಹೇಳಿದರೆ ದೇವರಿಗೆ ಗೊಂದಲವಾಗದು ಎಂಬುದು ಅವಳ ನಂಬಿಕೆ. ಊರಿಗೆಲ್ಲ ಹಿಟ್ಟು ಬೀಸಿಕೊಟ್ಟವಳಿಗೆ ವಿವರಗಳಿಗೇನು ಬರ? ಸಂಜಯ ಪಿಯುಸಿಯಲ್ಲಿ ನಪಾಸಾಗಿ ಮನೆಯಲ್ಲಿ ಪಾಸೆಂದು ಹೇಳಿದ್ದನ್ನು ಕ್ಷಮಿಸು ಎಂದು ಬೇಡಿದಳು. ಪರಮೇಶ್ವರಪ್ಪನ ಮೂಲವ್ಯಾಧಿ ವಾಸಿಯಾಗಿ ಅವನು ನೆಟ್ಟಗೆ ಕೂರುವಂತಾಗಲಿ ಎಂದಳು. ತನ್ನ ಮಟ್ಟಿಗೆ ಅವಳು ಪಿಸುಗುಟ್ಟುತ್ತಿದ್ದಳು. ಓಣಿಯ ಆ ತುದಿಯಲ್ಲಿ ಎಮ್ಮೆ ಹಿಂಡುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಸಂಜಯನ ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು.

ಮರುದಿನದಿಂದ ಸಂಜೆಯಾದರೆ ಅವಳ ಗೋಡೆಯ ಪಕ್ಕ ಜನರಿಗೆ ಏನೇನೋ ಕೆಲಸ ಹುಟ್ಟಿಕೊಳ್ಳತೊಡಗಿತು. ಟಿವಿ ಧಾರಾವಾಹಿಗಳಿಗೆ ಗಿರಾಕಿ ಇಲ್ಲದಾಯಿತು. ಪರಮೇಶ್ವರಪ್ಪ ಕಟ್ಟೆಗೆ ಬಂದರೆ ಯಾರಾದರೊಬ್ಬರು ಕೂರಲು ಮೆತ್ತಗಿರಲೆಂದು ಗೋಣಿಚೀಲ ಮಡಚಿ ಹಾಸುತ್ತಿದ್ದರು.

ವಾರ ಕಳೆಯುವುದರೊಳಗೆ ಅವನು ಅವಳ ಬಾಗಿಲಿಗೆ ಬಂದ. ಕೂರೆಂದರೂ ಕೂರಲಿಲ್ಲ.

“ನನ್ನ ಹೆಸರು ಬಿಡು ತಂಗಿ. ಬೇಕಾದ್ರ ಶಾಪ ಹಾಕು, ಪ್ರಾರ್ಥನಿ ಮಾತ್ರ ಬ್ಯಾಡ.”

ತನ್ನ ಪ್ರಾರ್ಥನೆ ಹೊರಗೆಲ್ಲ ಕೇಳಿಸುತ್ತಿತ್ತೆಂದು ಆಗಲೇ ತಿಳಿದು ಮಹೇಶ್ವರಿ ಗಾಬರಿಯಾದಳು.

“ಶಾಪ ಹಾಕೂ ಹಂಗಿಲ್ರಿ ಅಣ್ಣಾರ. ಹಾಕೂದಿದ್ರ ನನಗೂ ಭಾಳ ಸಲೀಸಿತ್ತು.”

ಅವನು ದನಿ ಇಳಿಸಿ ಒಂದು ದಾರಿ ಹೇಳಿದ. ನಾಳೆ ಕಟ್ಟೆಯ ಮುಂದೆ ನಿಂತು ಯೇಸುವನ್ನು ಬಿಟ್ಟೆ ಎಂದು ಬಾಯಿಮಾತಿಗೆ ಅಂದರೆ ಸಾಕು, ಮನಸ್ಸಿನಲ್ಲಿ ಏನು ಬೇಕಾದರೂ ಇಟ್ಟುಕೊಳ್ಳಲಿ. ಗಿರಣಿಯೂ ನಡೆಯುತ್ತದೆ, ಹಂಚನ್ನೂ ತಾನೇ ಹಾಕಿಸುತ್ತೇನೆ ಎಂದ. ಮಹೇಶ್ವರಿಗೆ ಆಸೆಯಾಗದೆ ಇರಲಿಲ್ಲ. ಅಕ್ಕಿ ಡಬ್ಬಿಯ ತಳ ಕಂಡಿತ್ತು. ಮಾತಿಗೆ ಜನವಿಲ್ಲದೆ ಅವಳು ಬೆಕ್ಕಿಗೆ ಊರ ಸುದ್ದಿ ಹೇಳತೊಡಗಿದ್ದಳು.

“ಆಗೂದಿಲ್ರಿ. ನಮ್ಮ ಮನಿಯವರು ಹೋದಾಗ ಊರೆಲ್ಲಾ ಬಂದು ಹೋತು. ಆಮ್ಯಾಲೆ ನನ್ನ ಜೋಡಿ ಉಳಿದಾಂವ ಯೇಸು ಒಬ್ಬನ. ಬಾಯಿಮಾತಿಗಾದ್ರೂ ಹೆಂಗ ಬಿಡ್ಲಿ?”

ಇದನ್ನೂ ಓಣಿಯೆಲ್ಲ ಕೇಳಿತು. ಪರಮೇಶ್ವರಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಸಂಜೆಯೂ ಅವಳು ಅವನಿಗಾಗಿ ಬೇಡಿಕೊಂಡಳು. ಮರ್ಯಾದೆಗೆಂದು ಕಾಯಿಲೆಯ ಹೆಸರು ಬಿಟ್ಟು ‘ಅದು’ ಎಂದಳು. ಗೋಡೆಯಾಚೆ ಯಾರೋ ಕಿಸಕ್ಕನೆ ನಕ್ಕರು.

ಬೆಳಿಗ್ಗೆ ಪರಮೇಶ್ವರಪ್ಪನ ಹೆಂಡತಿ ನೀಲವ್ವ ಜೋಳದ ಚೀಲ ಹೊತ್ತು ನಡುಬೀದಿಯಲ್ಲೇ ಗಿರಣಿಗೆ ಬಂದಳು. ತೀರ್ಮಾನ ಮಾಡಿದವರು ಗಂಡಸರು, ಪಕ್ಕದೂರಿಗೆ ಜೋಳ ಹೊತ್ತು ಮುರಿದದ್ದು ತನ್ನ ಕುತ್ತಿಗೆ ಎಂದು ಬೈದುಕೊಂಡಳು. ಈ ಕುತ್ತಿಗೆಯನ್ನೂ ಪ್ರಾರ್ಥನೆಗೆ ಸೇರಿಸು, ಗಂಡನದನ್ನೂ ಬಿಡಬೇಡ ಎಂದಳು. ಅವಳ ಹಿಂದೆ ಇನ್ನೂ ಇಬ್ಬರು ಚೀಲ ಇಳಿಸಿದರು. ಸಂಜಯನ ಮನೆಯವರು ಮಾತ್ರ ಹಿಟ್ಟು ಬೀಸಿಸಲು ಇವತ್ತಿಗೂ ಬನವಾಸಿಗೇ ಹೋಗುತ್ತಾರೆ.

ಮಹೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡು, ಯಂತ್ರದ ಬೆಲ್ಟು ಏರಿಸಿ, ನೀಲವ್ವನ ಜೋಳ ಸುರಿದಳು.