ಸುಣ್ಣದಲ್ಲಿ ಬೆಂದ ಮಾಸಾ

೧೯೮೯ರ ಡಿಸೆಂಬರಿನ ಒಂದು ಮಧ್ಯಾಹ್ನ. ಕೊಲ್ಲಿ ನಾಡಿನ ಅಲ್ ಅಜೈಬಾದ ತೈಲ ಕಂಪನಿಯೊಂದರ ಅತಿಥಿಗೃಹದಲ್ಲಿ ಅಡುಗೆಯವನಾದ ಉಡುಪಿಯ ಸ್ಟ್ಯಾನಿ ಹಿಟ್ಟಿನ ಉಂಡೆಯನ್ನು ಅಂಗೈಗಳ ನಡುವೆ ತಟ್ಟುತ್ತಿದ್ದ. ಅವನ ವೀಸಾ ನವೀಕರಣದ ಕಾಗದ ಮೇಲ್ವಿಚಾರಕ ಚಲುವರಾಜುವಿನ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ಮೆಕ್ಸಿಕೋದ ಎಂಜಿನಿಯರ್ ರಾಮಿರೋ ಇಂದೂ ತಟ್ಟೆ ಸರಿಸಿದರೆ ಸಹಿ ಬೀಳುವುದಿಲ್ಲವೆಂದು ಬೆಳಿಗ್ಗೆಯೇ ಎಚ್ಚರಿಸಲಾಗಿತ್ತು.

ಕಳೆದ ವಾರ ರಾಮಿರೋ ಮಾಸಾದ ರೊಟ್ಟಿ ಕೇಳಿದ್ದ. ಮೆಕ್ಕೆಜೋಳದ ಹಿಟ್ಟಷ್ಟೇ ಎಂದೆಣಿಸಿದ ಸ್ಟ್ಯಾನಿ, ಊರಿನ ಅಕ್ಕಿರೊಟ್ಟಿಯ ಕ್ರಮದಲ್ಲಿ ತೆಂಗಿನತುರಿ ಬೆರೆಸಿ ತಟ್ಟಿದ್ದ. ಒಂದು ತುಣುಕು ಮುರಿದು ತಟ್ಟೆಯನ್ನು ಸರಿಸಿದ ಅತಿಥಿ, ಅಡುಗೆಮನೆಗೇ ಬಂದು ವಿವರಿಸಿದ್ದ: ಮಾಸಾ ಒಣಹಿಟ್ಟಲ್ಲ, ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ಸಿಪ್ಪೆ ತಿಕ್ಕಿ ತೊಳೆದು ಅರೆದ ಹಸಿಹಿಟ್ಟು. ತನ್ನೂರಿನ ಹೆಂಗಸರು ಮುಂಜಾನೆ ಗಿರಣಿಯ ಮುಂದೆ ಬಕೆಟ್ ಹಿಡಿದು ನಿಲ್ಲುವುದು ಅದಕ್ಕಾಗಿ. ರೊಟ್ಟಿ, ಗಂಜಿ, ಜೋಳದ ತೆನೆಯ ಸಿಪ್ಪೆಯೆಲೆಯಲ್ಲಿ ಸುತ್ತಿದ ಕಡುಬು, ಎಲ್ಲವೂ ಅದರದೇ.

ಒಳಗೆ ಬಂದ ಚಲುವರಾಜುವಿನ ಕಣ್ಣು ಕಟ್ಟೆಯ ಮೇಲಿನ ಡಬ್ಬಿಯ ಮೇಲೆ ಬಿತ್ತು.

"ಇದೇನ್ರೀ?"

"ಸುಣ್ಣ ಸರ್. ಎಲೆಗೆ ಹಚ್ಚುವಂಥದ್ದೇ. ಮತ್ರಾ ಪೇಟೆಯಿಂದ ತಂದದ್ದು."

"ಊಟಕ್ಕೆ ಸುಣ್ಣ ಹಾಕಿದ್ದೀರಾ? ಗೋಡೆಗೆ ಬಳಿಯೋದು ಬಿಟ್ಟು! ಆ ಮನುಷ್ಯನ ಹೊಟ್ಟೆಗೇನಾದ್ರೂ ಆದ್ರೆ ವೀಸಾ ಕೊಟ್ಟಿರೋ ಕಫೀಲ್ ನಮ್ಮಿಬ್ಬರನ್ನೂ ಒಂದೇ ವಿಮಾನಕ್ಕೆ ಹತ್ತಿಸ್ತಾನೆ. ಸುರೀರಿ ಆಚೆಗೆ. ಬ್ರೆಡ್ ಕೊಡಿ."

"ಬ್ರೆಡ್ಡು ಅವರು ಮುಟ್ಟುವುದಿಲ್ಲ ಅಲ್ವಾ ಸರ್? ಕಾಳನ್ನು ಆರು ನೀರಲ್ಲಿ ತೊಳೆದಿದ್ದೇನೆ." ಸ್ಟ್ಯಾನಿ ಕಾವಲಿಯಿಂದ ಒಂದು ರೊಟ್ಟಿ ಎತ್ತಿ, ಸುಡುತ್ತಿದ್ದಂತೆಯೇ ಬಾಯಿಗಿಟ್ಟ. "ನಂಗೆ ಎಂತ ಆಗ್ತದೆ ನೋಡುವ."

ಚಲುವರಾಜು ಗಡಿಯಾರ ನೋಡಿದ. ಸ್ಟ್ಯಾನಿಯ ಮುಖ ನೋಡಿದ. ಹೊರಗೆ ರಾಮಿರೋನ ಜೀಪು ನಿಂತ ಸದ್ದಾಯಿತು. ಇನ್ನು ಸುರಿಯಲು ಹೊತ್ತಿರಲಿಲ್ಲ.

ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಸ್ಟ್ಯಾನಿ ಮೇಜಿಗೆ ಒಯ್ದ. ಬಟ್ಟೆ ಬಿಡಿಸಿದ ರಾಮಿರೋ ತಿನ್ನಲಿಲ್ಲ, ಬಗ್ಗಿ ಮೂಸಿದ. ಒಂದನ್ನು ಮಡಿಸಿದ. ಅದು ಮುರಿಯಲಿಲ್ಲ. ಬಾಗಿಲ ಬಳಿ ಚಲುವರಾಜು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ರಾಮಿರೋ ಮೇಲೋಗರದತ್ತ ನೋಡಲೂ ಇಲ್ಲ. ರೊಟ್ಟಿಗೆ ಬರಿಯ ಉಪ್ಪು ಉದುರಿಸಿ, ಮಕ್ಕಳಂತೆ ಸುರುಳಿ ಸುತ್ತಿ, ಕಣ್ಣು ಮುಚ್ಚಿ ತಿಂದ. ಎರಡನೆಯದನ್ನೂ ಹಾಗೆಯೇ. ಮೂರನೆಯದಕ್ಕೆ ಕೈ ಚಾಚುತ್ತ, "ಮಾಸಾ" ಎಂದಷ್ಟೇ ಹೇಳಿದ.

ಅಡುಗೆಮನೆಗೆ ಮರಳಿದ ಚಲುವರಾಜು ಡಬ್ಬಿಯ ಮುಚ್ಚಳ ತೆಗೆದು ಇಣುಕಿದ.

"ಇದು ಎಷ್ಟು ಸಲಕ್ಕೆ ಬರುತ್ತೆ?"

"ಇನ್ನೊಂದು ಸಲಕ್ಕೆ ಸಾಕು ಸರ್."

"ಸಾಲೋದಿಲ್ಲ. ಸಂಜೆ ಮತ್ರಾಕ್ಕೆ ಹೋಗಿ ಬನ್ನಿ. ಹೋಗೋ ಮುಂಚೆ ನನ್ನ ಮೇಜಿನ ಮೇಲಿರೋ ಕಾಗದ ತನ್ನಿ. ಪೆನ್ನು ನನ್ನ ಹತ್ರಾನೇ ಇದೆ."