ಉಪ್ಪಿನ ರೈಲಿನ ಮೇಲೆ ಉಡ, ಆಮೆ, ಒಂಟೆ

ಶೋರ್‌ಕುಡುಕ್ ಎಂಬ ಆ ರೈಲು ತಂಗುದಾಣದಲ್ಲಿ ಬಿಸಿಲು ಎಷ್ಟೆಂದರೆ, ಹಲ್ಲಿಗಳು ತಮ್ಮ ನೆರಳನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಓಡುತ್ತವೆ. ಗಾಳಿ ಎಷ್ಟೆಂದರೆ, ಬೆಳಿಗ್ಗೆ ಕೆಮ್ಮಿದರೆ ಆ ಕೆಮ್ಮು ಸಂಜೆಗೆ ತಾಷ್ಕೆಂಟಿನಲ್ಲಿ ಕೇಳಿಸುತ್ತದೆ. ನಂಬದವರು ಹೋಗಿ ಕೆಮ್ಮಿ ನೋಡಬಹುದು. ಇನ್ನು ಅಲ್ಲಿಯ ಒಂಟಿತನದ ಮಾತು. ಅದಕ್ಕೆ ಮಾತ್ರ ನಾನು ಒಂದು ಗುಲಗಂಜಿಯಷ್ಟೂ ಸೇರಿಸಬೇಕಾಗಿಲ್ಲ.

ಅಲ್ಲಿದ್ದವನು ಎಸಿರ್ಕೆಪ್ ಒಬ್ಬನೇ. ಹಳಿಗಳ ಸಂದಿಗೆ ಬಿದ್ದ ಮರಳನ್ನು ಗುಡಿಸುವುದು, ಗಾಡಿ ಬಂದಾಗ ಹಸಿರು ಬಾವುಟ ಹಿಡಿಯುವುದು ಅವನ ಕೆಲಸ. ಹಿಂದೆ ಅಲ್ಲಿ ನಾಲ್ಕಾರು ಮನೆಗಳಿದ್ದವು. ಒಬ್ಬೊಬ್ಬರೇ ವರ್ಗವಾಗಿ ಹೋದರು. ಹೆಂಡತಿ ಮಣ್ಣು ಸೇರಿದಳು. ಖಾಲಿ ಮನೆಗಳ ಬಾಗಿಲನ್ನು ಮರಳೇ ತಳ್ಳಿ ಒಳಗೆ ಹೋಗಿ ಸಂಸಾರ ಹೂಡಿತು. ಎಸಿರ್ಕೆಪ್‌ನ ಜೊತೆಗೆ ಉಳಿದದ್ದು ಒಂದು ಮುದಿ ಒಂಟೆ. ಅದೂ ಮಾತಾಡಿಸಿದರೆ ಮುಖ ತಿರುಗಿಸುತ್ತಿತ್ತು.

ಜಂಕ್ಷನ್ನಿನಿಂದ ಖಾಲಿ ವ್ಯಾಗನ್‌ಗಳು ಶೋರ್‌ಕುಡುಕ್ ದಾಟಿ ಉಪ್ಪಿನ ಗಣಿಗೆ ಹೋಗುತ್ತವೆ, ಉಪ್ಪು ತುಂಬಿಕೊಂಡು ಅದೇ ದಾರಿಯಲ್ಲಿ ಮರಳುತ್ತವೆ. ಎಂಜಿನ್ ನಿಂತು ಉಸಿರು ಬಿಡುವಷ್ಟು ಹೊತ್ತು ಅವು ಎಸಿರ್ಕೆಪ್‌ನ ಎದುರಿಗೆ ನಿಲ್ಲುತ್ತವೆ. ಒಂದು ದಿನ ಬೇಸರ ತಡೆಯಲಾರದೆ ಅವನು ಸೀಮೆಸುಣ್ಣದ ಗಟ್ಟಿ ತೆಗೆದುಕೊಂಡು, ತುಂಬಿದ ವ್ಯಾಗನ್ನಿನ ಮೈಮೇಲೆ ಒಂದು ಆಮೆಯನ್ನು ಬರೆದ. ಎಂಥ ಆಮೆ ಎಂದರೆ, ಗಾಡಿ ಹೊರಟಾಗ ಅದು ಕಾಲು ಆಡಿಸಿತಂತೆ. ಕೆಳಗೆ ಎರಡು ಸಾಲು:

ಅಕ್ಕನ ಮದುವೆಗೆ ಆಮೆ ಹೊರಟಿತು ನಗುನಗುತ,
ಅಕ್ಕನ ಮೊಮ್ಮಗು ಬಾಗಿಲ ತೆರೆಯಿತು ಆಕಳಿಸುತ!

ಬರೆದು ಮರೆತುಬಿಟ್ಟ. ಆದರೆ ಖಾಲಿ ವ್ಯಾಗನ್‌ಗಳು ಮತ್ತೆ ಬಂದಾಗ ಅವನ ಆಮೆಯ ಪಕ್ಕದಲ್ಲಿ ಒಂದು ಉಡ ಕೂತಿತ್ತು. ಹೊಟ್ಟೆ ಜೋತುಬಿದ್ದ ಉಡ, ತಲೆಗೆ ರೈಲ್ವೆ ಟೋಪಿ.

ತಡವಾದರೇನು, ಮನೆ ಹೊತ್ತು ಬಂದಿತು, ನೆಂಟರ ಹಂಗಿಲ್ಲ;
ಕುಳಿತಲ್ಲೆ ನಗುವ ಓ ಉಡವೆ, ನಿನ್ನನು ಕರೆಯುವರೇ ಇಲ್ಲ!

ಎಸಿರ್ಕೆಪ್ ಟೋಪಿ ತೆಗೆದು ನೋಡಿದ, ಹಾಕಿಕೊಂಡ. ಹೊಟ್ಟೆ ಮುಟ್ಟಿ ನೋಡಿಕೊಂಡ. ಆಮೇಲೆ ನಕ್ಕ. ಬಹಳ ಕಾಲದಿಂದ ಬಳಸದ ನಗು, ತುಕ್ಕು ಹಿಡಿದ ಕೀಲಿನ ಹಾಗೆ ಕಿರ್ರೆಂದಿತು. ಒಂಟೆ ಬೆಚ್ಚಿ ಎದ್ದು ನಿಂತಿತು.

ಎಂಜಿನ್ ಓಡಿಸುವ ಅಬ್ದಿಮುರಾತ್ ನೀರಿನ ಪೀಪಾಯಿ ಇಳಿಸುತ್ತಿದ್ದ. ಹಿರಿಯನೆಂಬ ಗೌರವಕ್ಕೆ ಅವನು ಎಸಿರ್ಕೆಪ್‌ನನ್ನು 'ಎಸೆಕೆ' ಎಂದು ಕರೆಯುತ್ತಿದ್ದ.

"ಇದ್ಯಾವ ಬೇವಾರ್ಸಿ ಬರ್ದಿದ್ದು?" ಎಂದು ಎಸಿರ್ಕೆಪ್ ಕೇಳಿದ.

"ಮೆತ್ತಗೆ ಮಾತಾಡಿ, ಎಸೆಕೆ. ಅದು ಉಲ್ದಾಯ್ ಅಕ್ಕ. ಜಂಕ್ಷನ್ನಲ್ಲಿ ಉದ್ದ ಸುತ್ತಿಗೆ ಹಿಡ್ಕೊಂಡು ಚಕ್ರ ಬಡಿದು ನೋಡ್ತಾರಲ್ಲ, ಅವ್ರೇ. ಬಿರುಕು ಇದ್ರೆ ಚಕ್ರದ ಸದ್ದಲ್ಲೇ ಹಿಡೀತಾರೆ. ಮನುಷ್ಯರದ್ದೂ ಹಂಗೇನೇ."

"ಹೆಂಗಸಾ?"

"ನಿಮ್ಮ ಆಮೆ ನೋಡಿ, 'ಈ ಮುದುಕಂಗೆ ಕಾಲು ಬರಿಯಕ್ಕೂ ಬರಲ್ಲ' ಅಂದ್ರು."

"ನಂಗಾ? ಕುದುರೆ ಬರೆದ್ರೆ ಕೆನೆದು ಓಡೋಗುತ್ತೆ ಅಂತ ಬರಿಯೋದೇ ಬಿಟ್ಟವನು ನಾನು! ಹೇಳು ಅವಳಿಗೆ!"

ಅಂದಿನಿಂದ ಜಗಳ ಶುರುವಾಯಿತು. ನಮ್ಮ ಹುಲ್ಲುಗಾವಲಿನ ಹಳೆಯ ಪದ್ಧತಿ ಅದು: ಇಬ್ಬರು ಎದುರುಬದುರು ಕೂತು ಹಾಡಿನಲ್ಲೇ ಬೈದಾಡಬೇಕು, ಉತ್ತರ ಹೊಳೆಯದವರು ಸೋತಂತೆ. ಇಲ್ಲಿ ಕೂರುವುದಕ್ಕೆ ಜಮಖಾನೆ ಇರಲಿಲ್ಲ, ಮೀಟಲು ಡೊಂಬ್ರಾ ವಾದ್ಯದ ತಂತಿ ಇರಲಿಲ್ಲ, ನಡುವೆ ಮರಳು ಇತ್ತು. ಹಾಡುಗಳು ಉಪ್ಪಿನ ಜೊತೆ ಹೋದವು, ಖಾಲಿ ಗಾಡಿಯಲ್ಲಿ ಬಂದವು.

ಎಸಿರ್ಕೆಪ್ ಸೊಂಡಿಲಿನಂಥ ಮೂಗಿನ ಸೈಗಾ ಜಿಂಕೆಯನ್ನು ಬರೆದ:

ಮೂಗಿನ ಒಳಗೆ ಮೂರು ಕೋಣೆ, ಸೈಗಾ ಸಾಹೇಬರು;
ಸೀನಿದ ರಭಸಕೆ ಕುರುಬರು ಎಲ್ಲಾ ಗಡಿಯಾಚೆ ಬಿದ್ದರು!

ಅವಳು ಉದ್ದಕಾಲಿನ ಮರಳಿಲಿಯನ್ನು ಆಕಾಶಕ್ಕೆ ಹಾರಿಸಿದಳು:

ನೆಗೆವ ಇಲಿಗೆ ಕಾಲೇ ಉದ್ದ, ಬಾಲಕೆ ಕುಚ್ಚು ಬೇರೆ;
ಚಂದ್ರನ ಮುಟ್ಟಿದೆನೆಂದಿತು, ಬಿದ್ದದ್ದು ಒಂಟೆಯ ಲದ್ದಿಯ ಮೇಲೆ!

ಜಂಬದ ಇಲಿ ಯಾರೆಂದು ಕೇಳಬೇಕಾಗಿರಲಿಲ್ಲ. ಅದಕ್ಕೂ ಟೋಪಿ ಇತ್ತು. ಎಸಿರ್ಕೆಪ್ ಹಗಲೆಲ್ಲ ಮರಳು ಗುಡಿಸುತ್ತ ಪ್ರಾಸ ಹುಡುಕುತ್ತಿದ್ದ. ಹುಡುಕುವ ಭರದಲ್ಲಿ ಅವನು ಗುಡಿಸಿದ ಮರಳಿನಿಂದ ದಕ್ಷಿಣಕ್ಕೆ ಒಂದು ಹೊಸ ದಿಬ್ಬವೇ ಎದ್ದಿತು, ಭೂಪಟ ಬರೆಯುವವರಿಗೆ ತಲೆನೋವಾಯಿತು. ಚಹಾ ಕುಡಿಯುವಾಗ ಎದುರಿಗೆ ಇನ್ನೊಂದು ಬಟ್ಟಲು ಇಡಲು ಕೈ ಹೋಗುತ್ತಿತ್ತು. ಇಡುತ್ತಿರಲಿಲ್ಲ.

ಒಮ್ಮೆ ಚಹಾದ ನಡುವೆ ಅಬ್ದಿಮುರಾತ್ ಸುಮ್ಮನೆ ಹೇಳಿದ: "ಉಲ್ದಾಯ್ ಅಕ್ಕನಿಗೂ ಯಾರಿಲ್ಲ ಎಸೆಕೆ. ರೈಲ್ವೆ ವಸತಿಯಲ್ಲಿ ಒಂದು ಕೋಣೆ. ಸುತ್ತಿಗೇನ ಮೂಲೇಲಿ ನಿಲ್ಲಿಸಿ ಅದರ ಜೊತೇಲೇ ಊಟ ಮಾಡ್ತಾರೆ ಅಂತ ಜನ ಆಡ್ಕೊಳ್ತಾರೆ."

ಎಸಿರ್ಕೆಪ್ ನಗಲಿಲ್ಲ. ಆ ಹೊತ್ತು ಅವನ ಬಾಯಿಗೆ ಬೈಗುಳ ಬರಲೇ ಇಲ್ಲ. ಉಪ್ಪಿನ ಗಾಡಿ ಬಂದಾಗ ಎರಡು ಡುಬ್ಬದ ದೊಡ್ಡ ಒಂಟೆ ಬರೆದ, ಡುಬ್ಬಗಳು ಬೆಟ್ಟದಂತೆ ನಿಂತದ್ದು. ಕೆಳಗೆ ಬರೆದ:

ಎರಡು ಡುಬ್ಬದ ಒಂಟೆಯ ಹಾಗೆ ತುಂಬಿ ನಿಲ್ಲಲಿ ನಿನ್ನ ಬಾಳು,
ಬತ್ತದ ಬಾವಿ, ಆರದ ಒಲೆಯು, ತೀರದೆ ಇರಲಿ ಕೂಳು.

ಗಾಡಿ ಹೋಯಿತು. ಖಾಲಿ ಗಾಡಿ ಬಂತು. ಒಂಟೆ ಮಾಸಿತ್ತು. ಉತ್ತರ ಇರಲಿಲ್ಲ.

ಮಣ್ಣು ಮೆತ್ತಿರಬೇಕೆಂದು ಅವನು ವ್ಯಾಗನ್‌ಗಳನ್ನು ತೋಳಿನಿಂದ ಒರೆಸಿ ನೋಡಿದ. ಮುಂದಿನ ಗಾಡಿಯಲ್ಲೂ ಇಲ್ಲ, ಅದರ ಮುಂದಿನದರಲ್ಲೂ ಇಲ್ಲ. ಗಾಳಿ ಅಳಿಸಿತೆಂದ. ಜಂಕ್ಷನ್ನಿನವರು ತೊಳೆದರೆಂದ. ತಾನು ಬರೆದ ಒಂಟೆಯ ಚೆಲುವು ಕಂಡು ಅವಳ ಕೈಯಿಂದ ಸೀಮೆಸುಣ್ಣ ಜಾರಿ ಬಿದ್ದಿರಬೇಕೆಂದ. ಸಂಜೆ ಹೊತ್ತಿಗೆ ನೆಪಗಳು ಮುಗಿದವು. ಹಳಿಯ ಮೇಲೆ ಕೂತ. ದೂರದಲ್ಲಿ ಒಂದು ನರಿ ಹಾದುಹೋಯಿತು. ಅದರ ಮೇಲೂ ಒಂದು ಪದ್ಯ ಬಂತು, ಕಟ್ಟಿ ಮುಗಿಸುವ ಮನಸ್ಸಾಗಲಿಲ್ಲ.

ಕೊನೆಗೆ ಅಬ್ದಿಮುರಾತ್‌ನನ್ನೇ ಕೇಳಿದ: "ಕಾಯಿಲೇನಾ ಅವಳಿಗೆ?"

"ಕಲ್ಲುಗುಂಡಿನ ಹಂಗಿದ್ದಾರೆ."

"ಮತ್ತೆ ಯಾಕೆ ಬರೀತಿಲ್ಲ?"

ಅಬ್ದಿಮುರಾತ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಎಸೆಕೆ, ಬಿಸಿಲು ತಲೆಗೇರಿದ್ಯಾ? ನೀವೇ ಹರಸಿಬಿಟ್ರಲ್ಲ! ಹಾಡಿನ ಜಗಳದಲ್ಲಿ ಹಿರಿಯರು ಹರಸಿದ್ರೆ ಮುಗೀತು ಅಂತ ಅರ್ಥ. ಆಮೇಲೆ ಬಾಯಿ ತೆಗೆದ್ರೆ ಹರಸಿದೋರಿಗೆ ಅವಮಾನ ಅಲ್ವಾ? ಅಕ್ಕ ನಿಮ್ಮ ಒಂಟೆ ಮುಂದೆ ನಿಂತ್ಕೊಂಡು ಎರಡೂ ಕೈಯಿಂದ ಮುಖ ಸವರಿ ಆಮೀನ್ ಅಂದ್ರು. ನಾನೇ ಕಂಡೆ. ಸೀಮೆಸುಣ್ಣ ಜೇಬಿಗೆ ಹಾಕ್ಕೊಂಡು ಹೊರಟುಹೋದ್ರು."

"ಗೆದ್ದವರ್ಯಾರು ಅಂತೆ?"

"ನೀವೇ ಅಂತೆ."

ಎಸಿರ್ಕೆಪ್ ಇಡೀ ಬಾಳಿನಲ್ಲಿ ಗೆದ್ದದ್ದು ಅದೊಂದೇ. ಆ ಗೆಲುವು ಬಂದು ತಂಗುದಾಣದ ತುಂಬ ಕೂತಿತು, ಅವನಿಗೆ ಕಾಲು ಚಾಚಲೂ ಜಾಗ ಉಳಿಯಲಿಲ್ಲ. ಎದುರುಬದುರು ಕೂತು ಹಾಡುವವರ ನಿಯಮ ಅವನಿಗೆ ಹಾಲು ಕುಡಿಯುವ ಕಾಲದಿಂದ ಗೊತ್ತಿತ್ತು. ತುಕ್ಕು ಹಿಡಿದ ವ್ಯಾಗನ್ನಿಗೂ ಅದೇ ನಿಯಮ ಎಂಬುದು ಹೊಳೆದಿರಲಿಲ್ಲ.

"ವಾಪಸ್ ತಗೊಂಡ್ರೆ?" ಎಂದ.

"ಏನನ್ನ?"

"ಹರಸಿದ್ದನ್ನ."

ಅಬ್ದಿಮುರಾತ್ ಚಹಾವನ್ನು ನೆತ್ತಿಗೆ ಹತ್ತಿಸಿಕೊಂಡ. "ಅಲ್ಲಾಹ್! ಕೊಟ್ಟ ಆಶೀರ್ವಾದ ಯಾರಾದ್ರೂ ಕಿತ್ಕೊಳ್ತಾರಾ? ಏಳು ತಲೆಮಾರಿನವರು ಗೋರಿಯಿಂದ ಎದ್ದು ಬಂದು ನಿಮ್ಮ ಗಡ್ಡ ಹಿಡೀತಾರೆ."

"ಬರ್ಲಿ. ಜನ ಆದಂಗಾಗುತ್ತೆ."

ಉಪ್ಪಿನ ಗಾಡಿ ಹೊರಡುವ ಮೊದಲು, ಆ ಸೀಮೆಯಲ್ಲಿ ಯಾವ ಮುದುಕನೂ ಮಾಡದ ಕೆಲಸವನ್ನು ಎಸಿರ್ಕೆಪ್ ಮಾಡಿದ. ಒಂಟೆಯನ್ನೇ ಮತ್ತೆ ಬರೆದ, ಈ ಸಲ ಉಗುಳುವ ಒಂಟೆ. ನಾಚಿಕೆಗೆ ಅವನ ಕಿವಿ ಎಷ್ಟು ಕೆಂಪಾಯಿತೆಂದರೆ, ಕೆಂಪು ಸಿಗ್ನಲ್ ಎಂದುಕೊಂಡು ಗಾಡಿ ಹೊರಡಲು ಹಿಂಜರಿಯಿತು.

ಹರಸಿದ ಮಾತು ಹಿಂದಕೆ ಕೊಡು, ಒಂಟೆಯ ತುಟಿಯವಳೇ,
ಉತ್ತರ ಬಾರದೆ ಹೆದರಿ ಓಡಿದೆ, ಬಾಲ ಮಡಚಿದವಳೇ!

ಗಾಡಿ ಮರೆಯಾದ ಮೇಲೆ ಅವನಿಗೆ ನಿಜವಾಗಿ ಭಯವಾಯಿತು. ಅವಳು ಕೋಪಿಸಿಕೊಂಡರೆ ಇದ್ದ ಆ ಒಂದು ಆಮೀನ್ ಕೂಡ ಹೋಯಿತು. ಬೆಳಗಾಗುತ್ತಲೇ ಹಳಿಗೆ ಕಿವಿ ಇಟ್ಟು ಮಲಗುತ್ತಿದ್ದ. ಒಂಟೆ ಮೇಲಿನಿಂದ ನೋಡುತ್ತಿತ್ತು.

ಖಾಲಿ ಗಾಡಿ ಬಂದ ದಿನ ಧೂಳೆದ್ದಿತ್ತು. ತಡವಾಗಿತ್ತೋ ಏನೋ, ಗಾಡಿ ನಿಲ್ಲಲಿಲ್ಲ. ಅಬ್ದಿಮುರಾತ್ ಕಿಟಕಿಯಿಂದ ಕೈಬೀಸಿ ಏನೋ ಕೂಗಿದ, ಗಾಳಿ ಅದನ್ನು ನುಂಗಿತು. ವ್ಯಾಗನ್ನಿನ ಮೇಲೆ ಬಿಳಿಯದೊಂದು ಹಾದುಹೋಯಿತು. ಎಸಿರ್ಕೆಪ್ ಬಾವುಟ ಎಸೆದು ಓಡಿದ. ಸೈಗಾಗಳು ನಿಂತು ನೋಡಿ ನಾಚಿಕೊಂಡವು, ಅಷ್ಟು ಜೋರಾಗಿ. ಚಿತ್ರದಲ್ಲಿ ಸಿಗ್ನಲ್ ಕಂಬದ ಮೇಲೆ ಒಂಟಿ ಗೂಬೆ. ತಲೆಗೆ ಟೋಪಿ.

ಕಂಬದ ಮೇಲೆ ಕೂತಿದೆ ಗೂಬೆ, ಟೋಪಿ ತಲೆಯ ಮೇಲೆ,
ಕೊಟ್ಟದ್ದ ಕಸಿಯುವ ಜಿಪುಣನ ಕೊರಳಿಗೆ...

ಅಷ್ಟರಲ್ಲಿ ಉಸಿರು ಮುಗಿಯಿತು. ಗಾಡಿ ಮುಂದೆ ಹೋಯಿತು, ಸಾಲಿನ ಬಾಲ ಅದರ ಜೊತೆಗೇ ಹೋಯಿತು.

ಅವನು ಮೊಣಕಾಲೂರಿ ಕೂತು ಏದುಸಿರು ಬಿಟ್ಟ. ಕೊರಳಿಗೆ ಏನು? ಹಗ್ಗವೇ? ಗಂಟೆಯೇ? ಗಾಡಿ ಗಣಿಯಿಂದ ಮರಳುವವರೆಗೆ ಕಾಯುವಷ್ಟು ತಾಳ್ಮೆ ಅವನಿಗೆ ಎಲ್ಲಿಂದ ಬರಬೇಕು? ಹಳಿಯ ಪಕ್ಕದಲ್ಲೇ ನಡೆಯುತ್ತ ಅವಳ ಪರವಾಗಿ ತಾನೇ ಕಟ್ಟಿದ: ಕತ್ತೆಯ ಲದ್ದಿಯ ಮಾಲೆ! ಇನ್ನೊಮ್ಮೆ ಹೇಳಿಕೊಂಡ. ಎಂಥ ನಾಲಿಗೆ ಈ ಹೆಂಗಸಿನದು!

"ಲದ್ದಿ ಮಾಲೆ ಅಂತೀಯಾ ನಂಗೆ?" ಎಂದು ಖಾಲಿ ಹಳಿಯನ್ನು ನೋಡಿ ಗದರಿದ. "ಇರು, ನಿಂಗೆ ಮಾಡ್ತೀನಿ."

ಯಾರೂ ಇಲ್ಲದ ಆ ಬಯಲಿನಲ್ಲಿ, ಯಾರೂ ಆಡದ ಬೈಗುಳಕ್ಕೆ ಹೊಟ್ಟೆ ತುಂಬ ಕೋಪ ಮಾಡಿಕೊಂಡು, ಎಸಿರ್ಕೆಪ್ ಸೀಮೆಸುಣ್ಣ ಹುಡುಕಲು ಮನೆಯ ಕಡೆ ಬೇಗಬೇಗ ನಡೆದ.